ತುಟಿ ಚುಚ್ಚಿಸಿಕೊಳ್ಳುವವರಿಗೆ ಇನ್ನು ಎರಡು ಭೇಟಿ ಕಡ್ಡಾಯ: ನಮ್ಮ ಗ್ರಾಹಕರಿಗೆ ಪತ್ರ

ಮೈಸೂರು

ಮಾನ್ಯ ಗ್ರಾಹಕರಿಗೆ ನಮಸ್ಕಾರಗಳು.

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಚಿನ್ನದ ಮಳಿಗೆಯಲ್ಲಿ ತುಟಿ ಚುಚ್ಚಿಸಿಕೊಳ್ಳುವವರು ಎರಡು ಸಲ ಬರುವುದು ಕಡ್ಡಾಯವಾಗುತ್ತದೆ. ಮೊದಲ ಸಲ ಚುಚ್ಚಿ ಉದ್ದನೆಯ ಟೈಟಾನಿಯಂ ಕಡ್ಡಿಯನ್ನು ಹಾಕುತ್ತೇವೆ. ಸುಮಾರು 3 ವಾರಗಳ ನಂತರ, ಊತ ಪೂರ್ತಿ ಇಳಿದಿರುವುದನ್ನು ನೋಡಿಕೊಂಡು, ಅದನ್ನು ತೆಗೆದು ತುಟಿಯ ದಪ್ಪಕ್ಕೆ ಸರಿಹೊಂದುವ ಗಿಡ್ಡ ಕಡ್ಡಿಯನ್ನು ಹಾಕುತ್ತೇವೆ. ಮನೆಯಿಂದ ತಂದ ಚಿನ್ನದ ಬೊಟ್ಟನ್ನಾಗಲಿ ರಿಂಗನ್ನಾಗಲಿ ಮೊದಲ ದಿನವೇ ಹಾಕಿಕೊಡುವುದನ್ನು ನಿಲ್ಲಿಸುತ್ತಿದ್ದೇವೆ. ಶುಲ್ಕ 1,200 ರೂಪಾಯಿಯಿಂದ 2,000 ರೂಪಾಯಿಗೆ ಏರುತ್ತದೆ. ಎರಡೂ ಕಡ್ಡಿಗಳ ಬೆಲೆ, ಎರಡನೆಯ ಭೇಟಿ ಹಾಗೂ ಗಾಯ ಒರೆಸಲು ಒಂದು ಬಾಟಲಿ ಸಲೈನ್ (ಶುದ್ಧ ಉಪ್ಪುನೀರು) ಅದರಲ್ಲೇ ಸೇರಿವೆ.

ಬೆಲೆ ಏರಿಸುವವರು ಕಾರಣವನ್ನು ಬಿಡಿಸಿ ಹೇಳಬೇಕಾದದ್ದು ನ್ಯಾಯ. ಕಿವಿ, ಮೂಗು ಚುಚ್ಚುವುದು ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ನಡೆದುಬಂದ ಕೆಲಸ. ಕಿವಿಯ ಹಾಲೆಗೆ ಚಿನ್ನದ ಓಲೆ ಹಾಕಿ ತಿರುಪು ಬಿಗಿದು ಕಳಿಸಿದರೆ ಸಾಮಾನ್ಯವಾಗಿ ಅಲ್ಲಿಗೆ ನಮ್ಮ ಕೆಲಸ ಮುಗಿಯುತ್ತಿತ್ತು. ಕಾಲೇಜಿನ ಮಕ್ಕಳು ತುಟಿ ಚುಚ್ಚಿಸಿಕೊಳ್ಳಲು ಬರತೊಡಗಿದಾಗಲೂ ನಾವು ಅದೇ ಅಭ್ಯಾಸವನ್ನು ಮುಂದುವರಿಸಿದೆವು. ಅದು ತಪ್ಪು. ತುಟಿಯ ಸ್ವಭಾವವೇ ಬೇರೆ. ಅದರಲ್ಲಿ ರಕ್ತ ಸಂಚಾರ ಹೆಚ್ಚು, ಮಾತಾಡುವಾಗ, ಉಣ್ಣುವಾಗ, ನಗುವಾಗಲೆಲ್ಲ ಅದು ಅಲುಗಾಡುತ್ತಲೇ ಇರುತ್ತದೆ, ಮತ್ತು ಚುಚ್ಚಿದ ಮೇಲೆ ಮೊದಲ 3ರಿಂದ 5 ದಿನಗಳಲ್ಲಿ ಕಿವಿಗಿಂತ ಬಹಳ ಹೆಚ್ಚಾಗಿ ಊದಿಕೊಳ್ಳುತ್ತದೆ.

ಕಳೆದ ವರ್ಷ ಒಬ್ಬ ವಿದ್ಯಾರ್ಥಿನಿ ತನ್ನ ಅಜ್ಜಿಯ ಮೂಗುಬೊಟ್ಟನ್ನೇ ಕೆಳತುಟಿಗೆ ಹಾಕಿಕೊಡಿ ಎಂದು ಕೇಳಿದರು, ನಾವು ಒಪ್ಪಿ ಹಾಕಿದೆವು. ಮೂರನೆಯ ರಾತ್ರಿ ತುಟಿ ಊದಿ, ಒಳಬದಿಯ ತಿರುಪು ಮಾಂಸದೊಳಕ್ಕೆ ಹೂತುಹೋಯಿತು. ಬೆಳಿಗ್ಗೆ ಅವರು ಬಂದಾಗ ನಮ್ಮ ಕೈಯಿಂದ ಅದನ್ನು ತೆಗೆಯಲಾಗಲಿಲ್ಲ. ವೈದ್ಯರ ಬಳಿಗೆ ಕರೆದೊಯ್ದು, ಮರಗಟ್ಟಿಸುವ ಇಂಜೆಕ್ಷನ್ ಕೊಡಿಸಿ, ಸಣ್ಣದಾಗಿ ಕೊಯ್ದು ತೆಗೆಸಬೇಕಾಯಿತು. ಅವರಾಗಲಿ ಅವರ ತಾಯಿಯಾಗಲಿ ನಮಗೆ ಒಂದು ಗಟ್ಟಿ ಮಾತು ಆಡಲಿಲ್ಲ. ಆದರೂ ಅಂದಿನಿಂದ ಈ ವಿಷಯ ನಮ್ಮ ಮನಸ್ಸಿನಿಂದ ಹೋಗಿಲ್ಲ.

ಊತಕ್ಕೆ ಜಾಗ ಬಿಡಬೇಕೆಂದೇ ಮೊದಲ ಕಡ್ಡಿಯನ್ನು ಉದ್ದವಾಗಿ ಆರಿಸುತ್ತೇವೆ. 1.2 ಮಿಲಿಮೀಟರ್ ದಪ್ಪದ, ಸಾಮಾನ್ಯವಾಗಿ 10 ಮಿಲಿಮೀಟರ್ ಉದ್ದದ, ಒಳಬದಿಯಲ್ಲಿ ಚಪ್ಪಟೆ ಬಿಲ್ಲೆಯಿರುವ ಈ ಕಡ್ಡಿಯನ್ನು ಈ ಕಸುಬಿನಲ್ಲಿ ಲ್ಯಾಬ್ರೆಟ್ ಎನ್ನುತ್ತಾರೆ. ಊತ ಇಳಿದ ಮೇಲೆ ಇದೇ ಉದ್ದ ತೊಂದರೆಯಾಗುತ್ತದೆ. ಸಡಿಲವಾದ ಕಡ್ಡಿಯ ಬಿಲ್ಲೆ ಕೆಳಗಿನ ಮುಂಬಲ್ಲುಗಳಿಗೂ ಒಸಡಿಗೂ ದಿನವಿಡೀ ತಾಗುತ್ತಿರುತ್ತದೆ. ಹಲ್ಲಿನಿಂದ ಕಡ್ಡಿಯನ್ನು ಕಚ್ಚಿ ಆಡುವ ಚಾಳಿ ಬಿದ್ದರಂತೂ ಹಲ್ಲಿನ ಅಂಚು ಚಕ್ಕೆಯೇಳಬಹುದು, ಒಸಡು ಕೆಳಕ್ಕೆ ಸರಿದು ಬೇರು ಕಾಣಿಸತೊಡಗಬಹುದು. ಹಾಗೆ ಸರಿದ ಒಸಡು ತಾನಾಗಿಯೇ ಮತ್ತೆ ಮೇಲೆ ಬರುವುದಿಲ್ಲ. ಇಷ್ಟು ದಿನ ಉದ್ದ ಕಡ್ಡಿ ಹಾಕಿಸಿಕೊಂಡವರಿಂದ ಅದನ್ನು ಬದಲಿಸಲು ನಾವು ಬೇರೆ ಹಣ ಕೇಳುತ್ತಿದ್ದುದರಿಂದ ಅನೇಕರು ಮತ್ತೆ ಬರಲೇ ಇಲ್ಲ. ಒಂದು ವರ್ಷ ಉದ್ದ ಕಡ್ಡಿಯಲ್ಲೇ ಕಳೆದು, ದಂತವೈದ್ಯರು ಹೇಳಿದ ಮೇಲೆ ನಮ್ಮಲ್ಲಿಗೆ ಬಂದವರೂ ಇದ್ದಾರೆ. ಎರಡನೆಯ ಭೇಟಿಯನ್ನು ಶುಲ್ಕದೊಳಗೇ ಸೇರಿಸಿ ಕಡ್ಡಾಯ ಮಾಡಿರುವುದು ಈ ಕಾರಣಕ್ಕೆ. ಚುಚ್ಚುವುದು ಅರ್ಧ ಕೆಲಸ, ಕಡ್ಡಿ ಗಿಡ್ಡವಾದ ದಿನವೇ ಅದು ಪೂರ್ತಿಯಾಗುತ್ತದೆ ಎಂದು ನಾವು ಈಗ ತಿಳಿದಿದ್ದೇವೆ.

ಚಿನ್ನ ಏಕೆ ಬೇಡ ಎಂದು ಹಿರಿಯರು ಕೇಳುತ್ತಾರೆ. ಚಿನ್ನದ ಅಂಗಡಿಯವರೇ ಹೀಗೆ ಹೇಳುವುದು ಅವರಿಗೆ ವಿಚಿತ್ರವಾಗಿ ತೋರುವುದು ಸಹಜ. 22 ಕ್ಯಾರೆಟ್ ಚಿನ್ನದಲ್ಲಿ ನೂರಕ್ಕೆ 91.6 ಭಾಗ ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿಯಂತಹ ಲೋಹ. ಅದು ಮೆದು, ಬೇಗ ಗೀರು ಬೀಳುತ್ತದೆ, ಗೀರಿನಲ್ಲಿ ಕೊಳೆ ನಿಲ್ಲುತ್ತದೆ. ಅದಕ್ಕಿಂತ ಮುಖ್ಯವಾಗಿ ನಮ್ಮ ಓಲೆ, ಮೂಗುಬೊಟ್ಟುಗಳ ತಿರುಪಿನ ಮರೆ, ಎಂದರೆ ಸುರುಳಿಯಾದ ಗೀರು, ಕಡ್ಡಿಯ ಹೊರಮೈಯಲ್ಲೇ ಇರುತ್ತದೆ. ಹಸಿ ಗಾಯದೊಳಗೆ ತೂರಿಸುವಾಗ ಅದು ಒಳಭಾಗವನ್ನು ಕೆರೆಯುತ್ತದೆ. ನಾವು ಇನ್ನು ಬಳಸುವ, ಎಎಸ್‌ಟಿಎಂ ಎಂಬ ಮಾನಕ ಸಂಸ್ಥೆಯ ಎಫ್ 136 ದರ್ಜೆಯ ಟೈಟಾನಿಯಂ ಶಸ್ತ್ರಚಿಕಿತ್ಸೆಯಲ್ಲಿ ದೇಹದೊಳಗೆ ಇರಿಸುವ ಸಾಧನಗಳಿಗೆಂದೇ ನಿಗದಿಯಾದದ್ದು. ಅದರ ಮರೆ ಕಡ್ಡಿಯ ಒಳಗಿರುತ್ತದೆ, ಮತ್ತು ಅನೇಕರಿಗೆ ತುರಿಕೆ ತರುವ ನಿಕ್ಕಲ್‌ನ ಭಯ ಅದರಲ್ಲಿಲ್ಲ. ಗಾಯ ಪೂರ್ತಿ ಮಾಗಿದ ಮೇಲೆ, ಎಂದರೆ ಕಡಿಮೆಯೆಂದರೂ 3 ತಿಂಗಳಾದ ಮೇಲೆ, ನಿಮ್ಮ ಚಿನ್ನದ ಬೊಟ್ಟಿಗೆ ತುಟಿಯ ಅಳತೆಯ ನುಣುಪಾದ ಕಡ್ಡಿಯನ್ನು ನಾವೇ ಮಾಡಿಕೊಡುತ್ತೇವೆ.

ಆರೈಕೆಯ ಬಗ್ಗೆ ಹಿಂದೆ ನಾವು ಬಾಯಿಮಾತಿನಲ್ಲಿ ಹೇಳುತ್ತಿದ್ದುದನ್ನು ಈಗ ಬರೆದೇ ಕೊಡುತ್ತಿದ್ದೇವೆ. ಹೊರಬದಿಗೆ ದಿನಕ್ಕೆ ಎರಡು ಸಲ, ಕೈಯನ್ನು ಸೋಪಿನಿಂದ ತೊಳೆದುಕೊಂಡು, 0.9 ಶೇಕಡಾ ಸಲೈನ್ ಹಾಕಿ ಶುಭ್ರವಾದ ಗಾಜ್ ಬಟ್ಟೆಯಿಂದ ಒತ್ತಿ ಒರೆಸಬೇಕು. ಮನೆಯಲ್ಲಿ ಉಪ್ಪು ಕದಡಿದರೆ ಹದ ತಪ್ಪಿ ಗಾಯ ಒಣಗಿ ಬಿರಿಯುವುದರಿಂದ ಮೆಡಿಕಲ್ ಅಂಗಡಿಯ ಸಲೈನನ್ನೇ ಬಳಸಿ. ಒಳಬದಿಗೆ, ಏನನ್ನೇ ತಿಂದರೂ ಶುದ್ಧ ನೀರಿನಿಂದಾಗಲಿ ಆಲ್ಕೋಹಾಲ್ ಇಲ್ಲದ ಮೌತ್‌ವಾಶ್‌ನಿಂದಾಗಲಿ ಬಾಯಿ ಮುಕ್ಕಳಿಸಬೇಕು. ಹೊಸ, ಮೆದುವಾದ ಬ್ರಷ್ ಇಟ್ಟುಕೊಳ್ಳಿ. ಊತಕ್ಕೆ ಮಂಜುಗಡ್ಡೆಯ ಸಣ್ಣ ಚೂರನ್ನು ಬಾಯಲ್ಲಿಟ್ಟುಕೊಳ್ಳಬಹುದು. ಮೊದಲ ವಾರ ತಣ್ಣಗಿನ ರಾಗಿ ಅಂಬಲಿ, ಮೊಸರನ್ನ, ಗಂಜಿ ಒಳ್ಳೆಯದು. ಬಿಸಿ ಸಾರು, ಉಪ್ಪಿನಕಾಯಿ, ಖಾರದ ಚಟ್ನಿಗಳನ್ನು ದೂರವಿಡಿ. ಸಿಗರೇಟು, ಗುಟ್ಕಾ, ಎಲೆಅಡಿಕೆ, ಮದ್ಯ ಇವುಗಳನ್ನು ಗಾಯ ಮಾಗುವವರೆಗೂ ಮುಟ್ಟಬಾರದು. ಮುತ್ತು ಕೊಡುವುದೂ ಅಲ್ಲಿಯವರೆಗೆ ಬೇಡ.

ಅರಿಶಿನ ಮತ್ತು ಕೊಬ್ಬರಿ ಎಣ್ಣೆ ಹಚ್ಚುವುದನ್ನೂ, ಓಲೆಯನ್ನು ಆಗಾಗ ತಿರುಗಿಸುತ್ತಿರುವುದನ್ನೂ ನಮ್ಮ ಅಜ್ಜಂದಿರೇ ಹೇಳಿಕೊಟ್ಟಿದ್ದರು. ಅವರ ಮೇಲಿನ ಗೌರವಕ್ಕೆ ಕುಂದಿಲ್ಲದೆಯೇ ಹೇಳುತ್ತೇವೆ: ತುಟಿಗೆ ಇವೆರಡೂ ಬೇಡ. ಎಣ್ಣೆ ರಂಧ್ರದ ಬಾಯನ್ನು ಮುಚ್ಚುತ್ತದೆ, ಅರಿಶಿನದ ಪುಡಿ ಒಳಗೆ ಕೂರುತ್ತದೆ, ಮತ್ತು ತಿರುಗಿಸಿದಾಗಲೆಲ್ಲ ಆಗಷ್ಟೇ ಕೂಡುತ್ತಿರುವ ಚರ್ಮ ಮತ್ತೆ ಹರಿಯುತ್ತದೆ.

ಕಡ್ಡಿಯ ಸುತ್ತ ಬಿಳಿಯ, ತಿಳಿಹಳದಿಯ ಹಕ್ಕಳೆ ಕಟ್ಟುವುದು ಸಹಜ, ಅದಕ್ಕೆ ಹೆದರಬೇಡಿ. ಆದರೆ 5 ದಿನಗಳ ನಂತರವೂ ಊತ ಏರುತ್ತಲೇ ಇದ್ದರೆ, ಹಸಿರು ಛಾಯೆಯ ದುರ್ವಾಸನೆಯ ಕೀವು ಬಂದರೆ, ತುಟಿ ಸುಡುತ್ತಿದ್ದರೆ ಅಥವಾ ಜ್ವರ ಬಂದರೆ ಅಂದೇ ವೈದ್ಯರನ್ನು ಕಾಣಿರಿ. ಗಾಬರಿಯಿಂದ ಕಡ್ಡಿಯನ್ನು ನೀವೇ ಕಿತ್ತರೆ ರಂಧ್ರ ಮುಚ್ಚಿಕೊಂಡು ನಂಜು ಒಳಗೇ ಉಳಿಯಬಹುದು.

ಹೃದಯದ ಕವಾಟದ ತೊಂದರೆ ಇರುವವರು, ಮಧುಮೇಹ ಹತೋಟಿಯಲ್ಲಿಲ್ಲದವರು, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ತಮ್ಮ ವೈದ್ಯರ ಒಪ್ಪಿಗೆ ಪಡೆದೇ ಬರಬೇಕು, ಗರ್ಭಿಣಿಯರಿಗೆ ನಾವು ಚುಚ್ಚುವುದಿಲ್ಲ. ರಕ್ತದಾನ ಮಾಡುವ ಅಭ್ಯಾಸವಿರುವವರು, ಚುಚ್ಚಿಸಿಕೊಂಡ ಮೇಲೆ 12 ತಿಂಗಳು ರಕ್ತ ಕೊಡುವಂತಿಲ್ಲ ಎಂಬುದನ್ನು ಗಮನದಲ್ಲಿಡಿ. ಕೊಳಲು, ನಾದಸ್ವರ ನುಡಿಸುವವರು ಕಛೇರಿಗಳಿರುವ ತಿಂಗಳುಗಳಲ್ಲಿ ದಯವಿಟ್ಟು ಬರಬೇಡಿ. ಊದಿದ ತುಟಿಯಲ್ಲಿ ನುಡಿಸಿದರೆ ಗಾಯಕ್ಕೂ ಕೇಡು, ನಾದಕ್ಕೂ ಕೇಡು. 18 ವರ್ಷ ತುಂಬದವರ ತುಟಿಯನ್ನು ನಾವು ಇನ್ನು ಮುಂದೆ ಚುಚ್ಚುವುದಿಲ್ಲ, ತಂದೆತಾಯಿ ಜೊತೆಗೆ ಬಂದರೂ ಇದು ಬದಲಾಗದು.

ಈಗಾಗಲೇ ನಮ್ಮಲ್ಲಿ ತುಟಿ ಚುಚ್ಚಿಸಿಕೊಂಡು ಇನ್ನೂ ಉದ್ದ ಕಡ್ಡಿಯನ್ನೇ ಹಾಕಿಕೊಂಡಿರುವವರು ಮಳಿಗೆಗೆ ಬಂದರೆ, ಎಷ್ಟು ಕಾಲವಾಗಿದ್ದರೂ, ಗಿಡ್ಡ ಕಡ್ಡಿಯನ್ನು ಹಣ ಪಡೆಯದೆ ಹಾಕಿಕೊಡುತ್ತೇವೆ. ರಸೀದಿ ಇಲ್ಲದಿದ್ದರೂ ಚಿಂತೆಯಿಲ್ಲ. ಮಂಗಳವಾರ ರಜೆ, ಉಳಿದ ದಿನ ಬೆಳಿಗ್ಗೆ 11ರಿಂದ ಮಧ್ಯಾಹ್ನ 1ರವರೆಗಿನ ಹೊತ್ತನ್ನು ಇದಕ್ಕಾಗಿಯೇ ತೆಗೆದಿರಿಸಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಮಳಿಗೆಯ ಪಾಲುದಾರರು