ಹಳೇ ಕ್ಯಾಲ್ಕುಲೇಟರ್ ಇದ್ದವರ ಗಮನಕ್ಕೆ

ಅಂಕಿ ಸರಿ ಕಾಣ್ತಿಲ್ಲ ಅಂತ ಮೂವರು ಕೇಳಿದ್ದೀರಿ, ಒಟ್ಟಿಗೇ ಹೇಳಿಬಿಡ್ತೇನೆ. ಕೂಡಲೇ ಬಿಚ್ಚಬೇಡಿ ಮಾರಾಯ್ರೇ! ಮೊದಲು ಸಾಲು ತುಂಬ 8 ಒತ್ತಿ. ಒಂದೊಂದು 8ರ ಏಳೂ ಗೆರೆ ಕಾಣಬೇಕು. ಬೆಳಗುವ ಅಂಕಿಯದ್ದಾದರೆ, ಎಲ್ಲ ಮನೆಗಳಲ್ಲೂ (ಅಂದರೆ ಅಂಕಿ ಮೂಡುವ ಜಾಗಗಳಲ್ಲೂ) ಒಂದೇ ಗೆರೆ ಮಾಯವಾದರೆ ಆ ಗೆರೆಗೆ ಕರೆಂಟ್ ಒಯ್ಯುವ ಲೈನಿನಲ್ಲಿ ದೋಷ. ಒಂದು ಮನೆ ಪೂರ್ತಿ ಕತ್ತಲೆಯಾದರೆ ಆ ಅಂಕಿಯ ಲೈನ್ ನೋಡಿ.

ನನ್ನದು 8 ಒತ್ತಿದರೆ 6 ತೋರಿಸ್ತಿತ್ತು, ಬಲಗಡೆ ಮೇಲಿನ ಗೆರೆ ಇಲ್ಲ. ಸೆಲ್ ಸೋರಿ ಬೋರ್ಡಿನ ಅಂಚಿಗೆ ಹಸಿರು ಕಿಲುಬು ಹಿಡಿದಿತ್ತು. ನಮ್ಮ ಮಂಗಳೂರಿನ ಮಳೆಗಾಲದ ಥಂಡಿ ಬೇರೆ. ಹಳೇ ಟೂತ್‌ಬ್ರಷ್‌ಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಉಜ್ಜಿ, ಬಿಟ್ಟಿದ್ದ ಬೆಸುಗೆ ಮತ್ತೆ ಹಾಕಿದೆ. ಸರಿ ಆಯ್ತು.

ಹಸಿರು-ನೀಲಿ ಬೆಳಕಿನ ಗಾಜಿನ ಡಿಸ್‌ಪ್ಲೇ ಇದ್ದರೆ ಕೋಣೆಯ ಲೈಟ್ ಆರಿಸಿ ಇಣುಕಿ. ಕೂದಲೆಳೆಯಷ್ಟು ತೆಳು ತಂತಿ ಮಂಕು ಕೆಂಪಾಗಿ ಕಂಡರೆ ಫಿಲಮೆಂಟ್ ಜೀವಂತ ಉಂಟು. ಆದರೂ ಅಂಕಿ ಬೆಳಗದಿದ್ದರೆ ಹೆಚ್ಚಿನ ವೋಲ್ಟೇಜ್ ಕೊಡುವ ಭಾಗ, ಅದರಲ್ಲೂ ಒಣಗಿದ ಕೆಪಾಸಿಟರ್ (ವಿದ್ಯುತ್ ಹಿಡಿದಿಡುವ ಬಿಡಿಭಾಗ) ಮೇಲೆ ನನಗೆ ಸಂಶಯ. ಕಪ್ಪು ಅಂಕಿಯ ಎಲ್‌ಸಿಡಿಗಾದರೆ ಗಾಜಿನಡಿಯ ರಬ್ಬರ್ ಪಟ್ಟಿ ಒರೆಸಿ, ಒಣಗಿಸಿ, ಒತ್ತಿ ಕೂರಿಸಿ.

ಕರೆಂಟಿನದ್ದಾದರೆ ಪ್ಲಗ್ ತೆಗೆದ ಮೇಲೆಯೇ ಕೈ ಹಾಕಿ. ಫೋಟೋ ಇಲ್ಲೇ ಹಾಕಿ, 8ರ ಸಾಲು ಕಾಣುವ ಹಾಗೆ.