ಪದ್ಯದ ಪಕ್ಕದ ಕ್ಯೂಆರ್ ಸಂಕೇತದಲ್ಲಿ ದನಿಯೂ ಸಿಗಲಿ

ಮಾನ್ಯ ಸಂಪಾದಕರಿಗೆ,

ಪ್ರೌಢಶಾಲೆಯ ಮಕ್ಕಳಿಗೆ ಸಾಹಿತ್ಯ ಕಲಿಸಲು ಅಂತರ್ಜಾಲದಲ್ಲಿ ಈಗ ಸಾಮಗ್ರಿಗೇನೂ ಕೊರತೆಯಿಲ್ಲ ಎಂಬ ಮಾತು ಶಿಕ್ಷಕರ ತರಬೇತಿಗಳಲ್ಲಿಯೂ ಪೋಷಕರ ಸಭೆಗಳಲ್ಲಿಯೂ ಆಗಾಗ ಕೇಳಿಬರುತ್ತದೆ. ಸರ್ಕಾರಿ ಪ್ರೌಢಶಾಲೆಯಲ್ಲಿ ಬಹುಕಾಲ ಕನ್ನಡ ಪಾಠ ಮಾಡಿ ನಿವೃತ್ತನಾಗಿರುವ ನನಗೆ ಈ ಮಾತು ಅರ್ಧ ಮಾತ್ರ ನಿಜವೆನಿಸಿದೆ. ಪರೀಕ್ಷೆಗೆ ಬೇಕಾದ ಪ್ರಶ್ನೋತ್ತರ ಹೇರಳವಾಗಿ ಸಿಗುತ್ತದೆ. ಪದ್ಯವನ್ನು ಪದ್ಯವಾಗಿ ಮಗುವಿನ ಕಿವಿಗೆ ಮುಟ್ಟಿಸುವ ಸಾಮಗ್ರಿ ಇದ್ದರೂ ಅದು ಎಲ್ಲೆಲ್ಲಿಯೋ ಚೆದುರಿ ಹೋಗಿದ್ದು, ಪಾಠದ ಹತ್ತಿರಕ್ಕೆ ಬಂದಿಲ್ಲ.

ಈ ಪತ್ರ ಬರೆಯಲು ಕಾರಣವಾದದ್ದು ಒಂದು ಸಣ್ಣ ಪ್ರಸಂಗ. ಹತ್ತನೆಯ ತರಗತಿಯಲ್ಲಿ ಓದುತ್ತಿರುವ ನೆರೆಮನೆಯ ಹುಡುಗಿಯೊಬ್ಬಳು ಕುಮಾರವ್ಯಾಸನ ‘ಕೌರವೇಂದ್ರನ ಕೊಂದೆ ನೀನು’ ಪದ್ಯಭಾಗಕ್ಕಾಗಿ ಮೊಬೈಲಿನಲ್ಲಿ ಒಂದು ವಿಡಿಯೊ ಹಾಕಿಕೊಂಡು ಕುಳಿತಿದ್ದಳು. ಹಿನ್ನೆಲೆಯಲ್ಲಿ ಕೊಳಲಿನ ಸದ್ದು, ಪರದೆಯ ಮೇಲೆ ಪ್ರಶ್ನೆ, ಅದರ ಕೆಳಗೆ ಉತ್ತರ. ಕೃಷ್ಣನು ಕರ್ಣನಿಗೆ ಅವನ ಜನ್ಮರಹಸ್ಯವನ್ನು ತಿಳಿಸಿದ ಮೇಲೆ ಬರುವ ‘ಕೊರಳ ಸೆರೆ ಹಿಗ್ಗಿದವು’ ಎಂಬ ಮಾತಿಗೆ ವಿವರಣೆ ಕೊಡುತ್ತಿದ್ದವರು, ಸೆರೆ ಎಂದರೆ ಬಂಧನ ಎಂದು ಹೇಳಿ ಮುಂದಿನ ಪ್ರಶ್ನೆಗೆ ಹೋದರು. ‘ಬಂಧನ ಹಿಗ್ಗುವುದು ಹೇಗಮ್ಮ?’ ಎಂದು ಕೇಳಿದೆ. ‘ಉತ್ತರದಲ್ಲಿ ಹಾಗೇ ಇದೆ ಸರ್’ ಎಂದಳು. ಇಲ್ಲಿ ಸೆರೆ ಎಂದರೆ ನರ. ಸಂಸ್ಕೃತದ ‘ಸಿರಾ’ ಶಬ್ದದ ತದ್ಭವ. ದುಃಖ ಒತ್ತಿಬಂದು ಕರ್ಣನ ಗಂಟಲ ನರಗಳು ಉಬ್ಬಿವೆ, ಮಾತು ಹೊರಡುತ್ತಿಲ್ಲ. ‘ಹಿಗ್ಗಿದವು’ ಎಂಬ ಬಹುವಚನವನ್ನು ಗಮನಿಸಿದ್ದರೂ ಸಾಕಿತ್ತು, ತಪ್ಪು ಆಗುತ್ತಿರಲಿಲ್ಲ. ಆದರೆ ಗಮನಿಸಲು ಮೊದಲು ಪದ್ಯವನ್ನು ಓದಬೇಕು; ಆ ವಿಡಿಯೊದಲ್ಲಿ ಇಡೀ ಪದ್ಯವನ್ನು ಒಮ್ಮೆಯೂ ಯಾರೂ ಓದಲಿಲ್ಲ.

ಒಳ್ಳೆಯ ಸಾಮಗ್ರಿಯೇ ಇಲ್ಲ ಎಂದರೆ ಅನ್ಯಾಯವಾದೀತು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’, ರಾಜ್ಯ ಸರ್ಕಾರದ ‘ಕಣಜ’, ಶಿಕ್ಷಕರಿಗೆಂದೇ ರೂಪುಗೊಂಡ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ, ಇವೆಲ್ಲ ಹಲವರು ಶ್ರಮಪಟ್ಟು ಕಟ್ಟಿದವು. ತರಗತಿಯ ದೃಷ್ಟಿಯಿಂದ ನನಗೆ ಹೆಚ್ಚು ಉಪಯೋಗಕ್ಕೆ ಬಂದವು ಮಾತ್ರ ಎರಡು. ಒಂದು ‘ವಚನ ಸಂಚಯ’. 250ಕ್ಕೂ ಹೆಚ್ಚು ವಚನಕಾರರ 20 ಸಾವಿರಕ್ಕೂ ಮಿಕ್ಕಿದ ವಚನಗಳಲ್ಲಿ ಯಾವುದೇ ಪದವನ್ನು ಹುಡುಕುವ ಅನುಕೂಲ ಅಲ್ಲಿದೆ. ವಾಟ್ಸ್‌ಆ್ಯಪ್‌ನಲ್ಲಿ ಬಸವಣ್ಣನವರ ಹೆಸರು ಹೊತ್ತು ಬರುವ ಸಾಲುಗಳನ್ನು ಮಕ್ಕಳಿಂದ ಅಲ್ಲಿ ಹುಡುಕಿಸಿದರೆ, ಕೆಲವು ಸಿಗುತ್ತವೆ, ಕೆಲವು ಸಿಗುವುದೇ ಇಲ್ಲ. ಅಂಕಿತವಿದ್ದ ಮಾತ್ರಕ್ಕೆ ವಚನವಾಗುವುದಿಲ್ಲ ಎಂದು ನಾನು ಬಾಯಲ್ಲಿ ಎಷ್ಟು ಹೇಳಿದರೂ ಆಗದ ಕೆಲಸ ಆ ಹದಿನೈದು ನಿಮಿಷದಲ್ಲಿ ಆಗುತ್ತಿತ್ತು.

ಇನ್ನೊಂದು ‘ಅಲರ್’ ನಿಘಂಟು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕುಳಿತು ಸಿದ್ಧಪಡಿಸಿದ, ಒಂದೂವರೆ ಲಕ್ಷದಷ್ಟು ಪದಗಳ ಈ ಕನ್ನಡ–ಇಂಗ್ಲಿಷ್ ನಿಘಂಟು 2019ರಿಂದ ಎಲ್ಲರಿಗೂ ಮುಕ್ತವಾಗಿದೆ. 1894ರ ಕಿಟೆಲ್ ಕೋಶವೂ ಅಂತರ್ಜಾಲದಲ್ಲಿ ಸಿಗುತ್ತದೆ. (ಇಂಗ್ಲಿಷ್ ಮಾಧ್ಯಮದ ಮಗು ಕನ್ನಡ ಪದದ ಅರ್ಥವನ್ನು ಇಂಗ್ಲಿಷಿನಿಂದ ತಿಳಿದುಕೊಳ್ಳುವ ವಿಪರ್ಯಾಸಕ್ಕೆ ನಿಘಂಟುಕಾರರು ಹೊಣೆಯಲ್ಲ.) ಆದರೆ ಹಳಗನ್ನಡದ ಪಾಠದಲ್ಲಿ ನಿಘಂಟು ತಾನೇ ತಾನಾಗಿ ಕೆಲಸಕ್ಕೆ ಬರುವುದಿಲ್ಲ. ರನ್ನನ ‘ಛಲಮನೆ ಮೆರೆವೆಂ’ ಓದುವ ಹುಡುಗ ‘ಮೆರೆವೆಂ’ ಎಂದು ಹಾಗೆಯೇ ಟೈಪ್ ಮಾಡಿದರೆ ಏನೂ ಸಿಗದು. ಮೆರೆ ಎಂಬ ಧಾತು, ಕಾಲವನ್ನು ಹೇಳುವ ‘ವ’, ಉತ್ತಮ ಪುರುಷದ ‘ಎಂ’ ಎಂದು ಬಿಡಿಸಲು ಬಂದವನಿಗೆ ಮಾತ್ರ ನಿಘಂಟಿನ ಬಾಗಿಲು ತೆರೆಯುತ್ತದೆ. ಪಾಠದ ಪ್ರತಿಯೊಂದು ಕಠಿಣ ಪದವನ್ನು ಹೀಗೆ ಬಿಡಿಸಿ ನಿಘಂಟಿನ ಆ ಪುಟಕ್ಕೆ ನೇರವಾಗಿ ಜೋಡಿಸುವುದು ದೊಡ್ಡ ತಂತ್ರಜ್ಞಾನವೇನಲ್ಲ, ಇಬ್ಬರು ಕನ್ನಡ ಶಿಕ್ಷಕರು ಒಂದು ರಜೆಯಲ್ಲಿ ಮಾಡಿ ಮುಗಿಸಬಹುದಾದ ಕೆಲಸ. ಅದಕ್ಕೆ ಪಠ್ಯ, ಎಲ್ಲ ಯಂತ್ರಗಳೂ ಕನ್ನಡವೆಂದೇ ಗುರುತಿಸುವ ಯೂನಿಕೋಡ್‌ನಲ್ಲಿರಬೇಕು. ಅಂತರ್ಜಾಲದಲ್ಲಿ ದೊರೆಯುವ ಅನೇಕ ಪಿಡಿಎಫ್‌ಗಳಿಂದ ಒಂದು ಸಾಲನ್ನು ನಕಲು ಮಾಡಿ ಅಂಟಿಸಿ ನೋಡಿ, ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಗುಂಪು ಬಂದು ಕೂರುತ್ತದೆ.

ಇವಕ್ಕಿಂತಲೂ ದೊಡ್ಡ ಕೊರತೆ ದನಿಯದು. ನಮ್ಮ ಪಠ್ಯದಲ್ಲಿ ಬರುವ ಷಟ್ಪದಿ, ಕಂದ, ಲಾವಣಿಗಳಲ್ಲಿ ಯಾವುದೂ ಮೌನವಾಗಿ ಓದಲೆಂದು ಹುಟ್ಟಿದ್ದಲ್ಲ. ಭಾಮಿನಿ ಷಟ್ಪದಿಯ ಲಕ್ಷಣವನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ: ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳು ಎರಡೆರಡು ಬಾರಿ, ಒಟ್ಟು 14 ಮಾತ್ರೆ, ಮೂರು ಮತ್ತು ಆರನೆಯ ಸಾಲುಗಳಲ್ಲಿ ಅವೇ ಮೂರು ಮೂರು ಬಾರಿ ಬಂದು ಕೊನೆಗೊಂದು ಗುರು, ಒಟ್ಟು 23. ಪ್ರಸ್ತಾರ ಹಾಕಿ, ಗಣ ವಿಭಾಗಿಸಿ, ಅಂಕ ಪಡೆಯುತ್ತಾರೆ. ಕರ್ಣನ ಇದೇ ಪದ್ಯದ ‘ಉರವಣಿಸಿ ಕಡುನೊಂದನಕಟಾ’ ಎಂಬ ಸಾಲನ್ನು ಗಣದ ಲೆಕ್ಕದಲ್ಲಿ ಕತ್ತರಿಸಿದರೆ ‘ನೊಂದ’ ಒಂದು ಕಡೆ, ‘ನಕಟಾ’ ಇನ್ನೊಂದು ಕಡೆ ಬೀಳುತ್ತದೆ. ‘ನಕಟಾ’ ಎಂದರೇನು ಸರ್ ಎಂದು ನನ್ನ ತರಗತಿಯಲ್ಲಿ ಕೇಳಿದವರು ಒಬ್ಬಿಬ್ಬರಲ್ಲ. ಲಯ ಕಡಿಯದೆಯೇ ‘ನೊಂದನು’ ಎಂಬಲ್ಲಿ ಒಂದಿಷ್ಟು ತಗ್ಗಿ, ‘ಅಕಟಾ’ ಎಂಬಲ್ಲಿ ದನಿಯನ್ನು ಎಳೆದು ನಿಲ್ಲಿಸುವ ಗಮಕಿಯ, ಎಂದರೆ ಕಾವ್ಯವನ್ನು ರಾಗವಾಗಿ ವಾಚಿಸುವವರ, ಕಂಠವೊಂದನ್ನು ಕೇಳಿಸಿಬಿಟ್ಟರೆ ಆ ಪ್ರಶ್ನೆ ಏಳುವುದೇ ಇಲ್ಲ. ಮಾತ್ರೆಯ ಲೆಕ್ಕವೂ ಆಗ ಗಣಿತವಾಗಿ ಉಳಿಯದೆ ಕಿವಿಗೆ ಸಿಕ್ಕ ನಡೆಯಾಗುತ್ತದೆ.

ಕಂದಪದ್ಯದಲ್ಲಿ ಈ ತೊಡಕು ಇನ್ನೂ ಹೆಚ್ಚು. ‘ನೆಲಕಿರಿವೆನೆಂದು ಬಗೆದಿರೆ ಚಲಕಿರಿವೆಂ’ ಎಂದು ದುರ್ಯೋಧನನು ಭೀಷ್ಮನಿಗೆ ಹೇಳುವ ರನ್ನನ ಆ ಪ್ರಸಿದ್ಧ ಕಂದದಲ್ಲಿ ‘ಪಾಳ್ನೆಲ’ ಎಂಬ ಮಾತು ಛಂದಸ್ಸಿಗೆ ಸಿಲುಕಿ ಎರಡು ತುಂಡಾಗಿದೆ: ಎರಡನೆಯ ಸಾಲಿನ ಕೊನೆಯಲ್ಲಿ ‘ಪಾ’, ಮೂರನೆಯ ಸಾಲಿನ ಮೊದಲಲ್ಲಿ ‘ಳ್ನೆಲನೆನಗೆ’. ಅಚ್ಚಿನಲ್ಲಿ ನೋಡಿದ ಮಗುವಿಗೆ ಇದು ಮುದ್ರಣದೋಷದಂತೆ ಕಾಣುತ್ತದೆ. ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ ಹಾಳುನೆಲ ಎಂಬ ಆ ಹಟವೂ ಅಳಲೂ ಒಂದೇ ಉಸಿರಿನಲ್ಲಿ ಬರಬೇಕು; ಅದು ಬರುವುದು ಯಾರಾದರೂ ಸರಿಯಾಗಿ ಓದಿದಾಗ ಮಾತ್ರ.

ಎಲ್ಲ ಶಿಕ್ಷಕರಿಗೂ ಹಾಗೆ ಓದಲು ಬರುತ್ತದೆಯೇ ಎಂದರೆ, ನನ್ನನ್ನೇ ಉದಾಹರಣೆಯಾಗಿ ಕೊಡುತ್ತೇನೆ. ಷಟ್ಪದಿಯನ್ನು ಹೇಗೋ ನಿಭಾಯಿಸುತ್ತಿದ್ದೆ. 1857ರ ಹಲಗಲಿ ಬೇಡರ ದಂಗೆಯನ್ನು ಹೇಳುವ ಲಾವಣಿ ಬಂದಾಗ, ಹಾಸನ ಜಿಲ್ಲೆಯವನಾದ ನನಗೆ ಮುಧೋಳದ ಕಡೆಯ ಲಾವಣಿಯ ಮಟ್ಟು ಗೊತ್ತಿರಲಿಲ್ಲ. ದಪ್ಪಿನ ಪೆಟ್ಟಿಗೆ ಹಾಡಬೇಕಾದದ್ದನ್ನು ವರದಿಯಂತೆ ಓದಿ ಮುಗಿಸಿದ್ದೇನೆ. ಆ ತಪ್ಪನ್ನು ಈಗ ತಿದ್ದಲಾರೆ. ಬಾಗಲಕೋಟೆಯ ಲಾವಣಿಕಾರರೊಬ್ಬರ ಮೂರು ನಿಮಿಷದ ಹಾಡು ಪಾಠದ ಜೊತೆಗೇ ಸಿಕ್ಕಿದ್ದರೆ ಅದು ಆಗುತ್ತಲೇ ಇರಲಿಲ್ಲ.

ಅದಕ್ಕೆ ಬೇಕಾದ ವ್ಯವಸ್ಥೆ ಹೊಸದಾಗಿ ಆಗಬೇಕಾಗಿಲ್ಲ. 2017ರಲ್ಲಿ ಆರಂಭವಾದ, ಕೇಂದ್ರ ಸರ್ಕಾರದ ಡಿಜಿಟಲ್ ಕಲಿಕಾ ತಾಣವಾದ ‘ದೀಕ್ಷಾ’ ವೇದಿಕೆಗೆ ಕರೆದೊಯ್ಯುವ ಕ್ಯೂಆರ್ ಸಂಕೇತಗಳು ಪಠ್ಯಪುಸ್ತಕಗಳಲ್ಲಿ ಅಚ್ಚಾಗುತ್ತಿವೆ. ಪ್ರತಿ ಪದ್ಯಪಾಠದ ಸಂಕೇತವನ್ನು ತೆರೆದಾಗ ಮೊಟ್ಟಮೊದಲಿಗೆ, ಪ್ರಶ್ನೋತ್ತರಕ್ಕೂ ಸಾರಾಂಶಕ್ಕೂ ಮೊದಲು, ಆ ಪದ್ಯದ ವಾಚನ ಕೇಳಿಸುವಂತಾಗಲಿ ಎಂಬುದೇ ನನ್ನ ಕೋರಿಕೆ. ಓದುವವರಿಗೆ ನಮ್ಮಲ್ಲಿ ಬರವಿಲ್ಲ. ತುಂಗೆಯ ದಂಡೆಯ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅದೇ ವರ್ಷದ ಕೊನೆಯಲ್ಲಿ ಅವರು ತೀರಿಕೊಂಡರು. ಅಂಥವರ ಕಂಠ ಇರುವಾಗಲೇ ಹತ್ತನೆಯ ತರಗತಿಯ ಪದ್ಯಗಳನ್ನು ಓದಿಸಿ ಇಟ್ಟುಕೊಳ್ಳಬೇಕು ಎಂದು ಶಿಕ್ಷಣ ಇಲಾಖೆಗೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೂ ನೆನಪಿಸುವುದಷ್ಟೇ ನನ್ನ ಉದ್ದೇಶ. ಮೈಸೂರು, ಧಾರವಾಡ, ಭದ್ರಾವತಿ ಆಕಾಶವಾಣಿ ನಿಲಯಗಳು ದಶಕಗಳಿಂದ ಗಮಕವನ್ನೂ ಕವಿವಾಣಿಯನ್ನೂ ಪ್ರಸಾರ ಮಾಡುತ್ತ ಬಂದಿವೆ. ಆ ಭಂಡಾರದಿಂದ ಪಠ್ಯಕ್ಕೆ ಹೊಂದುವ ತುಣುಕುಗಳನ್ನು ಕೇಳಿ ಪಡೆಯಬಹುದು.

ಹಕ್ಕುಸ್ವಾಮ್ಯದ ತೊಡಕನ್ನು ಕೆಲವರು ಎತ್ತುತ್ತಾರೆ. ಪಂಪ, ರನ್ನ, ಕುಮಾರವ್ಯಾಸ, ಲಕ್ಷ್ಮೀಶರಿಗೆ ಅದು ಅನ್ವಯಿಸುವುದೇ ಇಲ್ಲ. ನಮ್ಮ ಕಾಯ್ದೆಯಂತೆ ಲೇಖಕರ ಮರಣಾನಂತರ 60 ವರ್ಷ ಹಕ್ಕು ಇರುವುದರಿಂದ ಬೇಂದ್ರೆ, ಕುವೆಂಪು ಅವರ ಕವಿತೆಗಳಿಗೆ ಒಪ್ಪಿಗೆ ಬೇಕಾದೀತು. ಅಚ್ಚು ಹಾಕಲು ಕೇಳುವ ಪತ್ರದಲ್ಲಿಯೇ ಧ್ವನಿಮುದ್ರಣಕ್ಕೂ ಒಂದು ಸಾಲು ಸೇರಿಸಿದರೆ ಆಯಿತು.

ಧ್ವನಿ ಕಡತಗಳು ಚಿಕ್ಕವಾಗಿರಲಿ, ಒಮ್ಮೆ ಇಳಿಸಿಕೊಂಡ ಮೇಲೆ ನೆಟ್‌ವರ್ಕ್ ಇಲ್ಲದೆಯೂ ಕೇಳುವಂತಿರಲಿ. ಮಲೆನಾಡಿನ ಎಷ್ಟೋ ಶಾಲೆಗಳಲ್ಲಿ ಸಿಗ್ನಲ್ ಹುಡುಕಿಕೊಂಡು ಶಿಕ್ಷಕರು ಆಟದ ಮೈದಾನದ ಮೂಲೆಗೆ ಹೋಗಬೇಕು. ವಿಡಿಯೊ ಅಲ್ಲಿ ಓಡುವುದಿಲ್ಲ. ದನಿಯಾದರೆ ಒಂದು ಮೊಬೈಲ್ ಮತ್ತು ಪುಟ್ಟ ಸ್ಪೀಕರ್ ಇದ್ದರೆ ಇಡೀ ತರಗತಿಗೆ ಕೇಳುತ್ತದೆ. ಓದಿದವರ ಹೆಸರನ್ನೂ ಊರನ್ನೂ ಜೊತೆಗೆ ಹಾಕಬೇಕು, ಹಿನ್ನೆಲೆ ಸಂಗೀತವನ್ನು ದಯವಿಟ್ಟು ಹಾಕಬಾರದು.

ನಾನು ಸೇವೆಯಲ್ಲಿದ್ದಾಗ ಪ್ರಥಮ ಭಾಷೆಯ 125 ಅಂಕಗಳಲ್ಲಿ 25 ಆಂತರಿಕ ಮೌಲ್ಯಮಾಪನಕ್ಕೆ ಮೀಸಲಾಗಿದ್ದವು, ಮತ್ತು ಅವುಗಳ ಬಹುಪಾಲು ಅಂದವಾಗಿ ರಕ್ಷಾಕಾಗದ ಹಾಕಿದ ಯೋಜನಾ ಪುಸ್ತಕಗಳಿಗೆ ಹೋಗುತ್ತಿತ್ತು. ಕೇಳಿದ ಪದ್ಯವನ್ನು ತಾನೂ ಓದಿ ಒಪ್ಪಿಸುವ ಮಗುವಿಗೆ ಅದರಲ್ಲಿ ಐದು ಅಂಕವನ್ನಾದರೂ ಎತ್ತಿಟ್ಟರೆ ಶಿಕ್ಷಕರೂ ಆ ಸಂಕೇತವನ್ನು ತೆರೆದು ನೋಡುತ್ತಾರೆ. ಎಲ್ಲ ಪಾಠಗಳಿಗೂ ಒಮ್ಮೆಗೇ ಆಗಬೇಕೆಂದು ಕಾಯುವುದು ಬೇಡ. ಷಟ್ಪದಿ, ಕಂದ, ಲಾವಣಿ ಇರುವ ಪಾಠಗಳಿಂದ ಮೊದಲುಮಾಡಿದರೆ ಒಂದು ತರಗತಿಗೆ ನಾಲ್ಕೈದು ಧ್ವನಿಮುದ್ರಣ ಸಾಕು. ಮುಂದಿನ ಮುದ್ರಣಕ್ಕೆ ಪುಸ್ತಕಗಳು ಹೋಗುವ ಮುನ್ನ ಅಷ್ಟನ್ನು ಸಿದ್ಧಪಡಿಸಲು ಸಮಯವಿದೆ.

ಇತಿ,
ಒಬ್ಬ ನಿವೃತ್ತ ಕನ್ನಡ ಶಿಕ್ಷಕ
ಅರಕಲಗೂಡು, ಹಾಸನ ಜಿಲ್ಲೆ