ಫೈನಲ್ ವರದಿಯಲ್ಲಿ ಬೆಂಚಿಗೂ ಒಂದು ಸಾಲು ಇರಲಿ

ಮಾನ್ಯ ಸಂಪಾದಕರಿಗೆ,

ಮಹಿಳಾ ಕ್ಲಬ್ ಫುಟ್‌ಬಾಲ್‌ನ ದೊಡ್ಡ ಫೈನಲ್‌ಗಳು ನಮ್ಮ ಕ್ರೀಡಾಪುಟಗಳಲ್ಲಿ ಆರೇಳು ಸಾಲಿಗೆ ಮುಗಿದುಹೋಗುತ್ತವೆ. ಯಾರು ಗೆದ್ದರು, ಎಷ್ಟು ಗೋಲು, ಹೊಡೆದವರು ಯಾರು, ಅಷ್ಟೆ. ಪುಟದಲ್ಲಿ ಜಾಗದ ತಾಪತ್ರಯ ಇರುವುದು ನಿಜ, ಪುಟಗಟ್ಟಲೆ ಬರೆಯಿರಿ ಎಂದು ನಾವು ಕೇಳುತ್ತಿಲ್ಲ. ಇರುವ ಜಾಗದಲ್ಲೇ ಬದಲಿ ಆಟಗಾರ್ತಿಯರು ಮೈದಾನಕ್ಕೆ ಇಳಿದ ನಿಮಿಷವನ್ನು ಸೇರಿಸಿ ಎಂಬುದಷ್ಟೇ ನಮ್ಮ ಕೋರಿಕೆ. ಏಕೆಂದರೆ ಫೈನಲ್ ಎಷ್ಟೋ ಸಲ ತೀರ್ಮಾನವಾಗುವುದು ಗೋಲು ಬಿದ್ದ ಕ್ಷಣದಲ್ಲಲ್ಲ, ಅದಕ್ಕೂ ಐದು ಹತ್ತು ನಿಮಿಷ ಮೊದಲು.

2025ರ ಮೇ 24ರಂದು ಲಿಸ್ಬನ್‌ನ ಜೋಸೆ ಅಲ್ವಲಾದೆ ಕ್ರೀಡಾಂಗಣದಲ್ಲಿ ನಡೆದ ಯುರೋಪಿನ ಮಹಿಳಾ ಚಾಂಪಿಯನ್ಸ್ ಲೀಗ್ ಫೈನಲ್ಲನ್ನೇ ನೋಡಿ. ಇಂಗ್ಲೆಂಡಿನ ಆರ್ಸೆನಲ್ 1–0ರಿಂದ ಸ್ಪೇನಿನ ಬಾರ್ಸಿಲೋನಾವನ್ನು ಸೋಲಿಸಿತು. ಸತತ ಐದನೇ ಫೈನಲ್ ಆಡುತ್ತಿದ್ದ ತಂಡ ಬಾರ್ಸಿಲೋನಾ. 2021, 2023, 2024ರ ಚಾಂಪಿಯನ್ ಅದೇ. ಸೆಮಿಫೈನಲ್‌ನಲ್ಲಿ ಚೆಲ್ಸಿಯನ್ನು ಎರಡೂ ಪಂದ್ಯಗಳಲ್ಲಿ 4–1ರಿಂದ ಬಗ್ಗುಬಡಿದು ಬಂದಿತ್ತು. ಹಾಗಾಗಿ ಈ ಫಲಿತಾಂಶವನ್ನು ‘ಅಚ್ಚರಿ’, ‘ಅದೃಷ್ಟ’ ಎನ್ನುವುದು ಸುಲಭ. ಪಂದ್ಯವನ್ನು ನಿಮಿಷ ನಿಮಿಷವಾಗಿ ಬಿಡಿಸಿದರೆ ಆ ಮಾತು ನಿಲ್ಲುವುದಿಲ್ಲ.

ಚೆಂಡು ಹೆಚ್ಚು ಹೊತ್ತು ಬಾರ್ಸಿಲೋನಾದ ಕಾಲಲ್ಲೇ ಇತ್ತು. ಹಾಗೆ ಆಡುವ ತಂಡದ ಡಿಫೆಂಡರ್‌ಗಳು ತಮ್ಮ ಗೋಲಿನ ಹತ್ತಿರ ನಿಲ್ಲುವುದಿಲ್ಲ, ಮಧ್ಯರೇಖೆಯ ಸಮೀಪಕ್ಕೆ ಏರಿ ನಿಲ್ಲುತ್ತಾರೆ. ಎದುರಾಳಿಯನ್ನು ಇಕ್ಕಟ್ಟಿನ ಜಾಗದಲ್ಲಿ ಕಟ್ಟಿಹಾಕಿ, ಕಳೆದುಕೊಂಡ ಚೆಂಡನ್ನು ಕೂಡಲೇ ಕಸಿಯುವುದು ಇದರ ಲಾಭ. ಬೆನ್ನ ಹಿಂದೆ ಮೂವತ್ತು ನಲವತ್ತು ಮೀಟರ್ ಬಯಲು ಬಿಟ್ಟುಕೊಡುವುದು ಇದಕ್ಕೆ ತೆರಬೇಕಾದ ಬೆಲೆ. ಎದುರಾಳಿ ಆ ಬಯಲಿಗೆ ಓಡಿದಾಗಲೆಲ್ಲ ಡಿಫೆಂಡರ್‌ಗಳು ತಿರುಗಿ, ಗೋಲಿನ ಕಡೆಗೆ ಮುಖಮಾಡಿ ಓಡಬೇಕು. ಮೊದಲ ಅರ್ಧದಲ್ಲಿ ಇಂಥ ಓಟ ಭಾರವೆನಿಸದು. ಅರವತ್ತು ನಿಮಿಷ ಕಳೆದ ಮೇಲೆ ತಿರುಗುವ ಅರ್ಧ ಹೆಜ್ಜೆ ತಡವಾಗುತ್ತದೆ, ಆ ಅರ್ಧ ಹೆಜ್ಜೆಯೇ ಸಾಕು.

ಮೊದಲ ಅರ್ಧದಲ್ಲೇ ಆರ್ಸೆನಲ್ ಒಮ್ಮೆ ಚೆಂಡನ್ನು ಬಲೆಗೆ ಸೇರಿಸಿತ್ತು. ಫ್ರಿಡಾ ಮಾನುಮ್ ಒಳಕ್ಕೆ ಹೊಡೆದ ಚೆಂಡು ಬಾರ್ಸಿಲೋನಾ ಡಿಫೆಂಡರ್ ಐರೀನ್ ಪರೆಡೆಸ್ ಕಾಲಿಗೆ ತಾಗಿ ಅವರದೇ ಗೋಲಿಗೆ ಹೋಯಿತು, ಆಫ್‌ಸೈಡ್ (ಪಾಸ್ ಹೊರಡುವಾಗ ಎದುರಾಳಿಯ ಕೊನೆಯ ಡಿಫೆಂಡರ್‌ಗಿಂತ ಗೋಲಿಗೆ ಹತ್ತಿರ ಇರುವುದು) ಎಂದು ರದ್ದಾಯಿತು. ವಿರಾಮದ ನಂತರ ಬಾರ್ಸಿಲೋನಾದ ಕ್ಲಾಡಿಯಾ ಪಿನಾ ಹೊಡೆದ ಚೆಂಡು ಅಡ್ಡಪಟ್ಟಿಗೆ ಬಡಿಯಿತು. ಇವೆರಡೂ ವರದಿಗಳಲ್ಲಿ ಬರುತ್ತವೆ, ಬರಲಿ. ಆದರೆ ಪಂದ್ಯದ ಕೀಲಿ ಇದ್ದದ್ದು 67ನೇ ನಿಮಿಷದಲ್ಲಿ. ಆರ್ಸೆನಲ್ ಕೋಚ್ ರೆನೆ ಸ್ಲೆಗರ್ಸ್ ಆಗ ಬೆತ್ ಮೀಡ್ ಮತ್ತು ಸ್ಟೀನಾ ಬ್ಲಾಕ್‌ಸ್ಟೇನಿಯಸ್ ಇಬ್ಬರನ್ನೂ ಒಟ್ಟಿಗೇ ಇಳಿಸಿದರು. ಬ್ಲಾಕ್‌ಸ್ಟೇನಿಯಸ್ ಡಿಫೆಂಡರ್‌ಗಳ ಬೆನ್ನ ಹಿಂದಕ್ಕೆ ನುಗ್ಗುವುದರಲ್ಲಿ ಹೆಸರಾದವರು. ಮೀಡ್ ಎದುರಾಳಿಯ ಮಧ್ಯದ ಸಾಲು ಮತ್ತು ಡಿಫೆಂಡರ್‌ಗಳ ಸಾಲಿನ ನಡುವೆ ಚೆಂಡು ಹಿಡಿದು ಕೊನೆಯ ಪಾಸ್ ಕೊಡುವವರು. ಒಬ್ಬರಿಗೆ ಇನ್ನೊಬ್ಬರು ಬೇಕು, ಒಬ್ಬರನ್ನೇ ಇಳಿಸಿದ್ದರೆ ಅರ್ಧ ಕೆಲಸ ಆಗುತ್ತಿತ್ತು. ಏಳು ನಿಮಿಷದ ನಂತರ ಮೀಡ್ ಕೊಟ್ಟ ಪುಟ್ಟ ಪಾಸ್, ಬ್ಲಾಕ್‌ಸ್ಟೇನಿಯಸ್ ಹೊಡೆತ, ಗೋಲ್‌ಕೀಪರ್ ಕಾತಾ ಕೋಲ್ ಅವರನ್ನು ದಾಟಿ ಗೋಲು. ‘74ನೇ ನಿಮಿಷದಲ್ಲಿ ಗೋಲು’ ಎಂದಷ್ಟೇ ಬರೆದರೆ ಅದು ಆಕಾಶದಿಂದ ಉದುರಿದಂತೆ ಕಾಣುತ್ತದೆ. ‘67ನೇ ನಿಮಿಷದಲ್ಲಿ ಜೊತೆಯಾಗಿ ಇಳಿದ ಇಬ್ಬರಿಂದ’ ಎಂದು ಸೇರಿಸಿದರೆ ಓದುಗರಿಗೆ ಕಾರಣ ಕೈಗೆ ಸಿಗುತ್ತದೆ.

ಆರ್ಸೆನಲ್ ಫೈನಲ್‌ಗೆ ಬಂದ ದಾರಿಯೂ ಅಷ್ಟೇ, ಬರೀ ಅದೃಷ್ಟದ್ದಲ್ಲ. ಇಂಥ ಸುತ್ತುಗಳಲ್ಲಿ ಎರಡೆರಡು ಪಂದ್ಯ, ಎರಡೂ ಸೇರಿ ಹೆಚ್ಚು ಗೋಲು ಹೊಡೆದವರು ಮುಂದಕ್ಕೆ. ಅರ್ಹತಾ ಸುತ್ತಿನಲ್ಲಿ ಸ್ವೀಡನ್ನಿನ ಹೆಕ್ಕೆನ್ ವಿರುದ್ಧ ಮೊದಲ ಪಂದ್ಯ 0–1, ಎರಡನೆಯದು 4–0. ಕ್ವಾರ್ಟರ್‌ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ 0–2, ನಂತರ 3–0. ಸೆಮಿಫೈನಲ್‌ನಲ್ಲಿ ಎಂಟು ಸಲದ ಚಾಂಪಿಯನ್ ಲಿಯಾನ್ ವಿರುದ್ಧ ತವರಿನಲ್ಲಿ 1–2, ಅವರ ಊರಿನಲ್ಲಿ 4–1. ಮೂರು ಸಲ ಮೊದಲ ಪಂದ್ಯ ಸೋತು ಮೂರು ಸಲವೂ ಎದ್ದು ಬಂದ ತಂಡಕ್ಕೆ ಕೊನೆಯ ಇಪ್ಪತ್ತು ನಿಮಿಷದ ಲೆಕ್ಕಾಚಾರ ಹೊಸದಾಗಿರಲಿಲ್ಲ. ಕ್ಲಬ್‌ಗೆ ಇದು 2007ರ ನಂತರ ಸಿಕ್ಕ ಮೊದಲ ಯುರೋಪಿಯನ್ ಪ್ರಶಸ್ತಿ. ಆ ಕಾಲಕ್ಕೆ ಫೈನಲ್ ಎಂದರೆ ಒಂದೇ ಪಂದ್ಯವಲ್ಲ, ಎರಡೂ ತಂಡಗಳ ತವರಿನಲ್ಲಿ ಒಂದೊಂದು. 2010ರಿಂದ ಒಂದೇ ಪಂದ್ಯ.

ಟಿವಿಯಲ್ಲಿ ಫೈನಲ್ ನೋಡುವವರಿಗೆ ಕೆಲವು ಮಾತು. ಪತ್ರಿಕೆ ಇವನ್ನು ಪಂದ್ಯದ ಹಿಂದಿನ ದಿನ ಸಣ್ಣ ಚೌಕಟ್ಟಿನಲ್ಲಿ ಹಾಕಿದರೂ ಉಪಯೋಗವೇ. ಕ್ಯಾಮೆರಾ ಚೆಂಡಿನ ಬಾಲ ಹಿಡಿದು ಓಡುತ್ತದೆ, ನಾವೂ ಹಾಗೇ ಮಾಡಿದರೆ ಆಟದ ಮುಕ್ಕಾಲು ಪಾಲು ತಪ್ಪಿಹೋಗುತ್ತದೆ. ಮೊದಲ ಹತ್ತು ನಿಮಿಷ ಮೂರು ಕಡೆ ಮಾತ್ರ ಕಣ್ಣಿಡಿ. ಒಂದು, ಗೋಲ್‌ಕೀಪರ್ ಗೋಲ್‌ಕಿಕ್ಕನ್ನು ಪಕ್ಕದ ಡಿಫೆಂಡರ್‌ಗೆ ಕೊಡುತ್ತಾರೋ ದೂರಕ್ಕೆ ಒದೆಯುತ್ತಾರೋ. ದೂರಕ್ಕೆ ಒದೆಯುತ್ತಿದ್ದರೆ ಎದುರಾಳಿಯ ಒತ್ತಡ ಕೆಲಸ ಮಾಡುತ್ತಿದೆ ಎಂದರ್ಥ. ಎರಡು, ದಾಳಿ ಮಾಡುತ್ತಿರುವ ತಂಡದ ಕೊನೆಯ ಸಾಲಿನವರು ಎಲ್ಲಿ ನಿಂತಿದ್ದಾರೆ. ಮೂರು, ಚೆಂಡು ಬದಿಯ ಡಿಫೆಂಡರ್‌ಗೆ ಬಂದು, ಆಕೆ ತನ್ನದೇ ಗೋಲಿನ ಕಡೆ ಮುಖಮಾಡಿ ಹಿಡಿದ ಕೂಡಲೇ ಎದುರಾಳಿಗಳು ಗುಂಪಾಗಿ ಮೇಲೆ ಬೀಳುತ್ತಾರೆಯೇ. ಇಬ್ಬರು ಓಡಿ ಮೂರನೆಯವರು ನಿಂತುಬಿಟ್ಟರೆ ಒತ್ತಡ ಜರಡಿಯಂತೆ, ಚೆಂಡು ಸಲೀಸಾಗಿ ಸೋರಿಹೋಗುತ್ತದೆ. ಅರುವತ್ತನೇ ನಿಮಿಷದಲ್ಲಿ ಇದೇ ಮೂರನ್ನು ಇನ್ನೊಮ್ಮೆ ನೋಡಿ. ಅಷ್ಟರಲ್ಲಿ ಏನು ಬದಲಾಗಿದೆಯೋ ಅದರಲ್ಲೇ ಮುಂದಿನ ಗೋಲು ಅಡಗಿರುತ್ತದೆ.

ಬದಲಾವಣೆಯ ನಿಯಮ ಹಲವರಿಗೆ ಗೊಂದಲ. ತಂಡವೊಂದು ಐವರನ್ನು ಬದಲಿಸಬಹುದು, ಆದರೆ ಅದಕ್ಕಾಗಿ ಆಟ ನಿಲ್ಲಿಸಲು ಸಿಗುವುದು ಮೂರೇ ಅವಕಾಶ. ವಿರಾಮದ ವೇಳೆ ಮಾಡುವ ಬದಲಾವಣೆ ಈ ಮೂರರ ಲೆಕ್ಕಕ್ಕೆ ಬರುವುದಿಲ್ಲ. ಕೋಚ್‌ಗಳು ಇಬ್ಬರು ಮೂವರನ್ನು ಒಟ್ಟಿಗೆ ಇಳಿಸಲು ಇದೂ ಒಂದು ಕಾರಣ. ಮೂರು ಅವಕಾಶವನ್ನೂ ಒಬ್ಬೊಬ್ಬರಿಗೇ ಖರ್ಚು ಮಾಡಿಬಿಟ್ಟು, ಕೊನೆಗೆ ಯಾರಾದರೂ ಗಾಯಗೊಂಡರೆ ಬದಲಿ ಉಳಿದಿದ್ದರೂ ಹತ್ತು ಜನರಲ್ಲೇ ಆಡಬೇಕಾದ ಫಜೀತಿ. ಸಮಬಲವಾಗಿ ಹೆಚ್ಚುವರಿ ಸಮಯಕ್ಕೆ ಹೋದರೆ, 15 ನಿಮಿಷದ ಎರಡು ಅವಧಿಗೆ ಇನ್ನೊಂದು ಬದಲಾವಣೆ, ಇನ್ನೊಂದು ಅವಕಾಶ ಸೇರುತ್ತದೆ. ಆಮೇಲೂ ಬಗೆಹರಿಯದಿದ್ದರೆ ಪೆನಾಲ್ಟಿ.

ಆಫ್‌ಸೈಡ್ ವಿಷಯದಲ್ಲಿ, ಪಾಸ್ ಕೊಟ್ಟವರ ಕಾಲು ಚೆಂಡಿಗೆ ತಾಗಿದ ಕ್ಷಣವನ್ನು ನೋಡಬೇಕು, ಚೆಂಡು ತಲುಪಿದ ಕ್ಷಣವನ್ನಲ್ಲ. ಮನೆಮನೆಯ ಜಗಳಕ್ಕೆಲ್ಲ ಇದೇ ಮೂಲ. ಆಟಗಾರ್ತಿ ಎಷ್ಟು ಮುಂದಿದ್ದಾರೆ ಎಂದು ಅಳೆಯುವಾಗ ಕೈ ಲೆಕ್ಕಕ್ಕಿಲ್ಲ. ಥ್ರೋ-ಇನ್, ಗೋಲ್‌ಕಿಕ್, ಕಾರ್ನರ್‌ನಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡೇ ಇಲ್ಲ. ವಿಡಿಯೊ ಪರಿಶೀಲನೆ ಇರುವ ಪಂದ್ಯದಲ್ಲಿ ಆಫ್‌ಸೈಡ್ ಸ್ಪಷ್ಟವಿಲ್ಲದಿದ್ದರೆ ಸಹಾಯಕ ರೆಫರಿ ದಾಳಿ ಮುಗಿಯುವವರೆಗೆ ಕಾದು ಬಾವುಟ ಎತ್ತುತ್ತಾರೆ. ಅದು ಎಡವಟ್ಟಲ್ಲ, ಅವರಿಗಿರುವ ಸೂಚನೆಯೇ ಹಾಗೆ. ಆದ್ದರಿಂದ ಪಟಾಕಿ ಹಚ್ಚಲು ಸ್ವಲ್ಪ ತಡೆಯಿರಿ.

ಮಹಿಳೆಯರ ಆಟಕ್ಕೆ ಮೈದಾನ ಚಿಕ್ಕದು, ಅವಧಿ ಕಡಿಮೆ ಎಂಬ ತಪ್ಪು ಕಲ್ಪನೆ ಈಗಲೂ ಇದೆ. ಗೋಲು 7.32 ಮೀಟರ್ ಅಗಲ, 2.44 ಮೀಟರ್ ಎತ್ತರ, ಚೆಂಡು 5ನೇ ಸೈಜ್, ಆಟ 90 ನಿಮಿಷ. ಪುರುಷರದ್ದೂ ಇದೇ.

ಇದೆಲ್ಲ ಯುರೋಪಿನ ಸಮಾಚಾರ, ನಮಗೇಕೆ ಎನ್ನುವವರಿಗೆ ಬೆಂಗಳೂರನ್ನೇ ನೆನಪಿಸಬೇಕು. 2020ರ ಫೆಬ್ರುವರಿ 14ರಂದು ಇಂಡಿಯನ್ ವಿಮೆನ್ಸ್ ಲೀಗ್ ಫೈನಲ್ ನಡೆದದ್ದು ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ. ಮೊದಲ ನಿಮಿಷದಲ್ಲೇ ಪರಮೇಶ್ವರಿ ದೇವಿ, 25ನೇ ನಿಮಿಷಕ್ಕೆ ಕಮಲಾ ದೇವಿ ಹೊಡೆದು ಗೋಕುಲಂ ಕೇರಳ 2–0 ಮುಂದಿತ್ತು. ಮಣಿಪುರದ ಕ್ರಿಫ್ಸಾ ತಂಡ ದಾಂಗ್ಮೇ ಗ್ರೇಸ್ ಮತ್ತು ರತನ್‌ಬಾಲಾ ದೇವಿ ಮೂಲಕ 72ನೇ ನಿಮಿಷಕ್ಕೆ ಸಮ ಮಾಡಿತು. 87ರಲ್ಲಿ ನೇಪಾಳದ ಸಬಿತ್ರಾ ಭಂಡಾರಿ ಹೊಡೆದ ಗೋಲಿನಿಂದ 3–2. ನಮ್ಮೂರಿನಲ್ಲೇ ಆದ ಇಂಥ ಫೈನಲ್ಲನ್ನು ಎಷ್ಟು ಜನ ನೆನಪಿಟ್ಟಿದ್ದಾರೆ? 2023ರಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡವೇ ಅಹಮದಾಬಾದಿನ ಫೈನಲ್‌ಗೆ ಹೋಗಿ ಗೋಕುಲಂ ಎದುರು 0–5ರಿಂದ ಸೋತಿತು. ಮುಂದಿನ ಆವೃತ್ತಿಯಿಂದ ಲೀಗ್ ತವರು–ಹೊರಗಿನ ಪಂದ್ಯಗಳ ಪದ್ಧತಿಗೆ ಹೊರಳಿತು, ಅಂಕಪಟ್ಟಿಯ ಮೇಲೇ ಚಾಂಪಿಯನ್ ನಿರ್ಧಾರ. ಆಟಗಾರ್ತಿಯರಿಗೆ ಹೆಚ್ಚು ಪಂದ್ಯ ಸಿಗುತ್ತದೆ, ಅದು ಒಳ್ಳೆಯದೇ. ಆದರೆ ಇಡೀ ಊರು ಒಂದೇ ಸಂಜೆ ಒಂದೇ ಪಂದ್ಯ ನೋಡುವ ಸಂದರ್ಭ ಆ ಲೀಗಿನಲ್ಲಿ ಇಲ್ಲವಾಯಿತು.

ಆದ್ದರಿಂದ ಮುಂದಿನ ಫೈನಲ್‌ಗೆ ಹಿಂದಿನ ದಿನವೇ ಭಾರತೀಯ ಸಮಯ ಪ್ರಕಟಿಸಿ. ಲಿಸ್ಬನ್‌ನಲ್ಲಿ ಸಂಜೆ 5 ಎಂದರೆ ಇಲ್ಲಿ ರಾತ್ರಿ 9.30, ಮಕ್ಕಳೂ ಎದ್ದಿರುವ ಹೊತ್ತು. ವರದಿಯ ಕೊನೆಗೆ ಒಂದೇ ಸಾಲಿನಲ್ಲಿ ಬದಲಾವಣೆಗಳ ನಿಮಿಷ ಕೊಡಿ. ಹೆಸರುಗಳನ್ನು, ಉದಾಹರಣೆಗೆ ಸ್ಪೇನಿನ ಆಟಗಾರ್ತಿ ಅಲೆಕ್ಸಿಯಾ ಅವರದನ್ನು, ಇಂಗ್ಲಿಷ್ ಅಕ್ಷರ ನೋಡಿ ‘ಪುಟೆಲ್ಲಾಸ್’ ಎಂದು ಬರೆಯುವ ಬದಲು ಅವರ ನಾಡಿನವರು ಹೇಳುವಂತೆ ‘ಪುತೇಯಾಸ್’ ಎಂದು ಬರೆದರೆ ಚೆಂದ. ಇನ್ನು ಗೆಲ್ಲಿಸಿಕೊಟ್ಟ ಆಟಗಾರ್ತಿಯನ್ನು ದಯವಿಟ್ಟು ‘ಪಂದ್ಯ ಪುರುಷೋತ್ತಮ’ ಎಂದು ಕರೆಯಬೇಡಿ.

ಇತಿ,
ಮಹಿಳಾ ಫುಟ್‌ಬಾಲ್ ತರಬೇತಿ ಮತ್ತು ರೆಫರಿ ಕೆಲಸದಲ್ಲಿರುವ ಕೆಲವರು
ಬೆಂಗಳೂರು